ಎತ್ತು ಫ್ರೀ, ಕೋಡಿನ ತುದಿ ಬ್ಯಾರೆ

ಫ್ರೀ ಅನ್ನೋ ಮಾತು ಕಿವಿಗೆ ಬಿದ್ದರೆ ನನಗೆ ಈಗ ಸಿಟ್ಟು ನೆತ್ತಿಗೇರುತ್ತದೆ. ಮಂದಿಗೆ ಜನ್ಮಕ್ಕೊಮ್ಮೆ ಆಗುವಂಥ ಫಜೀತಿ ನನಗೆ ವಾರಕ್ಕೊಮ್ಮೆ ಆಗುತ್ತದೆ. ಅದೂ ಕರೆಯದೆ ಮನೆ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ಒಳಗೆ ಬಂದು ಕೂರುತ್ತದೆ.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ಕಟಕೋಳದಲ್ಲಿ ಮನೆಯೊಳಗೆ ಕಟಿಂಗ್ ಮಷೀನ್ ತಂದಿಟ್ಟ ಮೊದಲ ಗಂಡಸು ನಾನು. ಎರಡನೆಯವನು ಇನ್ನೂ ಹುಟ್ಟಿಲ್ಲ. ನೋಡಲಿಕ್ಕೆ ಅದು ಪ್ರಿಂಟರ್ ಇದ್ದ ಹಾಗೇ, ಆದರೆ ಒಳಗೆ ಶಾಯಿಯ ಬದಲು ಸಣ್ಣ ಬ್ಲೇಡು. ಕಂಪ್ಯೂಟರಿನಲ್ಲಿ ಗೆರೆ ಎಲ್ಲಿದೆಯೋ ಅಲ್ಲಿ ರೇಡಿಯಂ ಹಾಳೆಯನ್ನೋ ಬಣ್ಣದ ಕಾಗದವನ್ನೋ ಕೊಯ್ದು ಕೊಡುತ್ತದೆ. ತೊಟ್ಟಿಲಿನ ಹೆಸರು, ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಗೋಡೆಯ ಚಿತ್ರ, ಬೈಕಿನ ಸ್ಟಿಕ್ಕರು, ಯಾವುದು ಬೇಕು ಹೇಳಿರಿ. ಆದರೆ ಎಲ್ಲಕ್ಕೂ ಡಿಸೈನ್ ಫೈಲು ಬೇಕು. ಅಲ್ಲೇ ನನ್ನ ಕರ್ಮ ಕೂತಿರುವುದು.

ನಮ್ಮ ಸೋದರಮಾವ ಸುರೇಬಾನದವನು. ಕಬ್ಬು ಹೇರಲು ಟ್ರ್ಯಾಕ್ಟರಿಗೆ ಹೊಸ ಟ್ರಾಲಿ ತಂದಿದ್ದ. ಅರ್ಧ ಊರು ಕುಂತ ಕಟ್ಟೆಯ ಮೇಲೆ ನನ್ನನ್ನು ಹಿಡಿದ.

"ಅಳಿಯಾ, ಟ್ರಾಲಿ ಹಿಂದ ನನ್ನ ಎತ್ತಿನಂಥಾದ್ದ ಒಂದು ಎತ್ತು ಬರಬೇಕ ನೋಡು. ಸವದತ್ತಿ ಅಂಗಡ್ಯಾಂವ ಡಿಸೈನಿಗೇ ಬ್ಯಾರೆ ರೊಕ್ಕ ಕೇಳ್ತಾನ."

ನಾನು ಎದೆ ಮುಂದೆ ಮಾಡಿ ಹೇಳಿದೆ: "ಡಿಸೈನಿಗೆ ಒಂದು ಪೈಸಾ ಕೊಡಾಂವ ಅಲ್ಲ ನಾ. ನೆಟ್‌ನ್ಯಾಗ ಫ್ರೀ ಬಿದ್ದಾವು, ರಾಶಿ ರಾಶಿ!"

"ಕಬ್ಬಿನ ಹಂಗಾಮು ಸುರು ಆಗೂದ್ರಾಗ ಹಚ್ಚತೀಯೇನು?"

"ಹಚ್ಚಲಿಲ್ಲಂದ್ರ ಮಷೀನ್ ಮಾರಿಬಿಡ್ತೇನಿ, ಮಾವಾ."

ಬಾಯಿಂದ ಹೊರಬಿದ್ದ ಮಾತು ವಾಪಸ್ ಬರುತ್ತದೆಯೇ? ಸುರೇಬಾನದ ಟ್ರಾಲಿಯವರೆಲ್ಲ ಮಾವನ ಟ್ರಾಲಿ ನೋಡಿಯೇ ತಮ್ಮದನ್ನು ಸಿಂಗರಿಸುವವರು. ಮಾವ ಸವದತ್ತಿಗೆ ಹೋದರೆ ಎಲ್ಲರೂ ಸವದತ್ತಿಗೆ. ಮಷೀನೂ ಹೋಯಿತು, ಮುಖವೂ ಹೋಯಿತು.

ಗಜ್ಜರಿ ಮೂಗಿನವ

ಫ್ರೀ ಡಿಸೈನಿನ ಪುಟ ತೆಗೆದರೆ ಡೌನ್‌ಲೋಡ್ ಅಂತ ಐದು ಗುಂಡಿ. ನಾಲ್ಕು ಹಸೀ ಸುಳ್ಳು. ಒಂದು ಒತ್ತಿದರೆ ಇಸ್ಪೀಟು, ಇನ್ನೊಂದು ಒತ್ತಿದರೆ ಕೂದಲು ಬೆಳೆಸುವ ಎಣ್ಣೆ. ನನ್ನ ತಲೆ ನೋಡಿದವರಿಗೆ ಗೊತ್ತು, ನನಗೆ ಆ ಎಣ್ಣೆಯ ಹಂಗಿಲ್ಲ. ಐದನೆಯದು ಖರೇ ಗುಂಡಿ, ಆದರೆ ಅದು ಮೊದಲು ನನ್ನ ಇಮೇಲ್ ಕೇಳಿತು. ಕೊಟ್ಟೆ. ಅವತ್ತಿನಿಂದ ದಿನಾ ಬೆಳಿಗ್ಗೆ "ನಲ್ಮೆಯ ಗೆಳತಿ" ಅಂತ ಇಂಗ್ಲಿಷಿನಲ್ಲಿ ಪತ್ರ ಬರುತ್ತಿದೆ. ಗೆಳತಿ! ಮೀಸೆ ತಿರುವಿಕೊಂಡು ಕೂತ ಗಂಡಸಿಗೆ!

ಫೈಲು ಬಿಚ್ಚಿದರೆ ಕಣ್ಣು ಕೊರೆದ ಕುಂಬಳಕಾಯಿ, ಗೋಡೆಗೆ ನೇತುಹಾಕಿದ ಕಾಲುಚೀಲ, ಕಾಫಿ ಕಪ್ಪು, ಮೂಗಿನ ಜಾಗದಲ್ಲಿ ಕ್ಯಾರೆಟ್ ಇದ್ದ ಹಿಮದ ಮನುಷ್ಯ. ಎತ್ತಿಲ್ಲ, ಬಂಡಿ ಇಲ್ಲ, ಕುಂಟಿ ಇಲ್ಲ, ಕೂರಿಗಿ ಇಲ್ಲ. ಬ್ಲೇಡಿನ ಪರೀಕ್ಷೆಗಾದರೂ ಆಗಲಿ ಅಂತ ಬಿಳಿ ಹಾಳೆಯಲ್ಲಿ ಹಿಮದ ಮನುಷ್ಯನನ್ನು ಕೊಯ್ದೆ. ಅವ್ವ ಬಂದು ನೋಡಿದಳು.

"ಯಾಂವಲೇ ಇಂವ, ಹೊಟ್ಟಿ ಬಿಟ್ಕೊಂಡು ನಿಂತಾನ?"

"ಹಿಮದ ಮನುಷ್ಯಾ ಬೇ."

"ಮೂಗಿಗೆ ಗಜ್ಜರಿ ಯಾಕ ಚುಚ್ಚ್ಯಾರ?"

"ಅವರ ಕಡೆ ಹಂಗ ಮಾಡ್ತಾರಂತ."

"ತಿನ್ನೂದು ಬಿಟ್ಟು ಮೂಗಿಗೆ ಚುಚ್ಚತಾರ? ಎಂಥಾ ಮಂದಿ ಬೆನ್ನ ಹತ್ತೀಯೋ ಯಪ್ಪಾ!"

ನಾನು ಸಿಟ್ಟಿನಿಂದ ಹರಿದೊಗೆಯಲು ಹೋದರೆ ಕಸಿದುಕೊಂಡಳು. ಈಗ ಅವನು ನಮ್ಮ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ನಿಂತಿದ್ದಾನೆ. ಬಂದ ಹೆಣ್ಣುಮಕ್ಕಳು ಯಾರಿವನು ಅಂತ ಕೇಳಿದರೆ ಅವ್ವ ಹೇಳುತ್ತಾಳೆ: "ಇದ ಹಿಟ್ಟಿನ ರೊಟ್ಟಿ ತಿಂದು ಹಂಗ ದುಂಡಗ ಆಗ್ಯಾನ."

ಏಳು ತಿಂಗಳ ಬ್ಯಾಟರಿ

ಬೈಲಹೊಂಗಲದಿಂದ ಒಬ್ಬ ಬಂದ. ತಂಗಿಯ ಕುಬಸ, ಗೋಡೆಗೆ ಹಚ್ಚಲು ಬಸುರಿ ಹೆಂಗಸಿನ ಚಿತ್ರ ಬೇಕು. ಡಿಸೈನ್ ಎಲ್ಲಿ ಅಂದರೆ ಫೋನು ಮುಂದೆ ಹಿಡಿದ. ಯಾರದೋ ಸ್ಟೇಟಸ್ಸಿನಲ್ಲಿದ್ದ ಫೋಟೋವನ್ನು ಇನ್ಯಾರೋ ಸ್ಕ್ರೀನ್‌ಶಾಟ್ ತೆಗೆದು ಇವನಿಗೆ ಕಳಿಸಿದ್ದರು.

"ಇದು ಫೋಟೋ ರೀ. ಮಷೀನಿಗೆ ಗೆರಿ ಬೇಕು, ಗೆರಿ."

"ಮುಖ ಕಾಣತೈತಲ್ರಿ? ಮತ್ತೇನ ಗೆರಿ? ನಿಮ್ಮ ಕಡೆ ಆಗೂದಿಲ್ಲಂದ್ರ ಬಿಡ್ರಿ, ಸವದತ್ತ್ಯಾಗ ಮಾಡಿಸ್ತೇನಿ."

ಸವದತ್ತಿ ಅಂದನಲ್ಲ, ನನ್ನ ಮೈ ಉರಿದುಹೋಯಿತು. ಫೋಟೋ ಹಾಕಿದರೆ ಪುಕ್ಕಟೆ ಗೆರೆ ತೆಗೆದು ಕೊಡುವ ಒಂದು ವೆಬ್‌ಸೈಟಿಗೆ ಹಾಕಿದೆ. ಆ ಹಲ್ಕಟ್ ವೆಬ್‌ಸೈಟು ಬಸುರಿಯನ್ನೂ ತೆಗೆಯಿತು, ಮೇಲಿನ ಮೂಲೆಯಲ್ಲಿದ್ದ ಫೋನಿನ ಬ್ಯಾಟರಿ ಗುರುತನ್ನೂ ತೆಗೆಯಿತು. ನಾನು ತಾಯಿಯ ಮುಖ ನೋಡುತ್ತಿದ್ದೆ, ಮೂಲೆ ನೋಡಲಿಲ್ಲ. ತಾಯಿಯ ಮುಖ ನೋಡುವುದು ಯಾವ ಊರಲ್ಲಿ ತಪ್ಪು?

ಊಟಕ್ಕೆ ಕರೆದಿದ್ದರು, ಹೋದೆ. ಗೋಡೆ ನೋಡಿ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ನಾನು ಕೊಯ್ದು ಕೊಟ್ಟ ಪೊಟ್ಟಣದಲ್ಲಿ ಒಂದು ತುಂಡು ಉಳಿಯಿತಲ್ಲ, ಎಲ್ಲಿಯದು ಅಂತ ತಿಳಿಯದೆ ಆ ಅಣ್ಣ ಬ್ಯಾಟರಿಯನ್ನು ಒಯ್ದು ಬಸುರಿಯ ಹೊಟ್ಟೆಯ ಮೇಲೆ ಅಂಟಿಸಿದ್ದ! ಮುಕ್ಕಾಲು ತುಂಬಿದ, ಬಂಗಾರ ಬಣ್ಣದ ಬ್ಯಾಟರಿ. ನಾನು ಜಗಳಕ್ಕೆ ಏಳುವಷ್ಟರಲ್ಲಿ ಒಬ್ಬ ಮುತ್ತೈದೆ ಅದನ್ನು ತೋರಿಸಿ ಎಲ್ಲರಿಗೂ ತಿಳಿಸಿ ಹೇಳುತ್ತಿದ್ದಳು: "ಏಳು ತಿಂಗಳಿಗೆ ಇಷ್ಟು ತುಂಬೇತ್ರೆವಾ. ಪೂರ್ತಿ ತುಂಬಿದ ಮ್ಯಾಲ ಹೆರಿಗಿ. ಎಷ್ಟು ಶಾಣ್ಯಾ ಅದಾನ ನೋಡ್ರಿ ಮಾಡಿದಾಂವ!"

ಮರುವಾರ ಅದೇ ಓಣಿಯಿಂದ ಫೋನು ಬಂತು. "ನಮ್ಮಾಕಿಗೆ ಈಗ ಐದು ತಿಂಗಳ್ರಿ. ಬ್ಯಾಟರಿ ಅರ್ಧ ಹಾಕಿ ಕೊಡ್ರಿ."

ಕಿತ್ತೂರಿನ ಪಾತರಗಿತ್ತಿ

ಫ್ರೀ ಸಾಕಾಗಿ ಸೋವಿ ಕಡೆ ಹೊರಳಿದೆ. ಕಟ್ಟೆಯ ಮಂದಿಗೆ ಹೇಳಬೇಡಿ. ಕಿತ್ತೂರಿನಲ್ಲಿ ಒಬ್ಬ ಮೊಬೈಲ್ ಅಂಗಡಿಯವನು ಪೆನ್‌ಡ್ರೈವ್ ತುಂಬಿ ಕೊಡುತ್ತಾನೆ, ಹತ್ತು ಸಾವಿರ ಡಿಸೈನು, ನಾಷ್ಟಾ ಮಾಡಿದಷ್ಟೇ ಖರ್ಚು ಅಂತ ಸುದ್ದಿ. ಬಸ್ಸು ಹತ್ತಿ ಹೋಗಿ ತಂದೆ. ಹತ್ತು ಸಾವಿರದಲ್ಲಿ ಒಂದಾದರೂ ಎತ್ತು ಇರುವುದಿಲ್ಲವೇ?

ಮನೆಗೆ ಬಂದು ತೆಗೆದರೆ ಒಂದು ಪಾತರಗಿತ್ತಿ, ಕೆಂಪು. ಮುಂದಿನದು ಅದೇ ಪಾತರಗಿತ್ತಿ, ನೀಲಿ. ಅದರ ಮುಂದಿನದು ಹಳದಿ. ಕೆಳಗೆ ಸರಿಸಿದೆ, ಸರಿಸಿದೆ, ಬೆರಳು ನೋಯುವತನಕ ಸರಿಸಿದೆ. ಅದೇ ರೆಕ್ಕೆ, ಅದೇ ಮೀಸೆ. ಮರುದಿನ ಮತ್ತೆ ಕಿತ್ತೂರು.

"ಏನ್ರಿ ಅಣ್ಣಾರ, ಎಲ್ಲಾ ಒಂದ ಪಾತರಗಿತ್ತಿ?"

"ಹಂಗ್ಯಾಕಂತೀರಿ? ಬಣ್ಣ ಬ್ಯಾರೆ ಬ್ಯಾರೆ ಅದಾವಲ್ರಿ."

"ನನ್ನ ಮಷೀನ್ಯಾಗ ಇರೂದು ಬ್ಲೇಡ್ ರೀ, ಬ್ಲೇಡ್! ಅದಕ್ಕ ಕೆಂಪ್ಯಾವುದು, ನೀಲ್ಯಾವುದು ಹೆಂಗ ತಿಳೀತೈತಿ?"

ಅವನು ಕೂತಲ್ಲಿಂದ ಅಲುಗಲಿಲ್ಲ. "ಹಂಗಾರ ಮಷೀನಿನ ಕಣ್ಣ ತೋರಸ್ರಿ," ಅಂದ.

ಡೇರಿ ಎತ್ತು

ಹಂಗಾಮು ಹತ್ತಿರ ಬಂತು. ಮಾವ ದಿನಾ ಫೋನು ಮಾಡಿ "ಮಷೀನ್ ಯಾರಿಗೆ ಮಾರ್ತಿ ಅಳಿಯಾ?" ಅಂತ ಕೇಳತೊಡಗಿದ. ಕೊನೆಗೆ ಹೊಲಮನೆಯ ಪ್ರಾಣಿಗಳು ಅಂತ ಒಂದು ಫ್ರೀ ಕಟ್ಟು ಸಿಕ್ಕಿತು. ಅದರಲ್ಲಿ ದಪ್ಪನೆಯ, ಕೋಡಿದ್ದ ಒಂದು ದನ. ಮಷೀನು ಸಣ್ಣದಾದ್ದರಿಂದ ತುಂಡು ತುಂಡಾಗಿ ಕೊಯ್ದು, ಸುರೇಬಾನಕ್ಕೆ ಹೋಗಿ ಟ್ರಾಲಿಯ ಹಿಂದಿನ ಬಾಗಿಲಿಗೆ ಜೋಡಿಸಿ ಅಂಟಿಸಿದೆ. ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಕಟ್ಟೆಯ ಹಿರಿಯರು ಎದ್ದು ಬಂದರು. ಒಬ್ಬಜ್ಜ ಕನ್ನಡಕ ಏರಿಸಿ ಕೇಳಿದ: "ತಮ್ಮಾ, ಎತ್ತಿನ ಹೆಗಲ ಮ್ಯಾಲ ಗುಡ್ಡದಂಗ ಇಣಿ ಇರತೈತಲ್ಲ, ಅದೆಲ್ಲಿ?"

ಇನ್ನೊಬ್ಬಜ್ಜ ಬಗ್ಗಿ ನೋಡಿದ. "ಐತಿ, ಐತಿ. ಮ್ಯಾಲ ಇಲ್ಲ, ಕೆಳಗ ಇಳದೈತಿ."

ನೋಡುತ್ತೇನೆ, ಕೆಚ್ಚಲು! ಪರದೇಶದ ಆಕಳು, ಕೊರಳಲ್ಲಿ ಗಂಟೆ, ಬಾಯಲ್ಲಿ ಹೂವು. ಫ್ರೀ ಕೊಟ್ಟವನು ಎದುರಿಗೆ ಸಿಕ್ಕಿದ್ದರೆ ಅವತ್ತೇ ಅವನನ್ನು ನೊಗಕ್ಕೆ ಹೂಡುತ್ತಿದ್ದೆ. ಮಾವ ಮಾತ್ರ ತಣ್ಣಗೆ ಹೇಳಿದ: "ಅಳಿಯಾ, ಮಂದಿ ಹಾಲಿನ ಕ್ಯಾನ್ ಹಿಡ್ಕೊಂಡು ಟ್ರಾಲಿ ಬೆನ್ನ ಹತ್ತೂದ್ರಾಗ ಕಿತ್ತುಬಿಡು."

ಕೋಡಿನ ತುದಿ

ಅವತ್ತೇ ಮಾವನ ಕೊಟ್ಟಿಗೆಗೆ ಹೋಗಿ, ಎತ್ತನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿ ಫೋಟೋ ಹೊಡೆದೆ. ಯಾವ ವೆಬ್‌ಸೈಟಿಗೂ ಕೈ ಮುಗಿಯದೆ ಇಣಿ, ಗಂಗೆದೊಗಲು, ಬಾಲದ ಕುಚ್ಚು, ಒಂದೊಂದು ಗೆರೆಯನ್ನೂ ಕಂಪ್ಯೂಟರಿನಲ್ಲಿ ನಾನೇ ಎಳೆದೆ. ಆ ಎತ್ತು ಕರುವಾಗಿದ್ದಾಗ ನೀರಿನ ಟಾಕಿಗೆ ಗುದ್ದಿ ಎಡಗೋಡಿನ ತುದಿ ಮುರಿದುಕೊಂಡಿತ್ತು.

"ಕೋಡು ಜೋಡಿಸಿಬಿಡ್ಲೇನ ಮಾವಾ? ಕಂಪ್ಯೂಟರ್‌ನ್ಯಾಗ ಒಂದ ಗೆರಿ."

"ಜೋಡಿಸಿದಿ ಅಂದ್ರ ಅದು ಬ್ಯಾರೆಯವರ ಎತ್ತಾಗತೈತಿ. ಇದ್ದಾಂಗ ಇರಲಿ."

ಹಂಗಾಮು ಸುರುವಾಗುವ ಮೊದಲೇ ಹಚ್ಚಿದೆ. ಕಟ್ಟೆಯ ಅಜ್ಜಂದಿರು ಬಂದು ಇಣಿ ಮುಟ್ಟಿ ನೋಡಿದರು. ಇಂಥ ಎತ್ತು ಜಗತ್ತಿನ ಯಾವ ಫ್ರೀ ಪುಟದಲ್ಲೂ ಇಲ್ಲ ಅಂತ ಹೊಟ್ಟೆ ತುಂಬ ಹೆಮ್ಮೆ. ಆ ಹೆಮ್ಮೆಯಲ್ಲಿ ನಮ್ಮ ನಾಲ್ಕು ತಾಲೂಕಿನ ಕಟಿಂಗ್ ಮಷೀನಿನವರ ವಾಟ್ಸಾಪ್ ಗುಂಪಿಗೆ ಫೈಲು ಹಾಕಿ ಬರೆದೆ: "ತಗೊಳ್ರಿ, ಫ್ರೀ. ಯಾರೂ ಮಾರಬ್ಯಾಡ್ರಿ. ಹೆಸರು ನಂದ ಹೇಳ್ರಿ."

ಸಕ್ಕರೆ ಕಾರ್ಖಾನೆಯ ಮುಂದೆ ಟ್ರಾಲಿಗಳು ಸಾಲು ನಿಂತಿದ್ದವು. ಮಾವ ಅಲ್ಲಿಂದಲೇ ಫೋನು ಮಾಡಿದ. "ಅಳಿಯಾ, ನನ್ನ ಎತ್ತು ನನಗಿಂತ ಮುಂದ ಬಂದು ಸಾಲಿನ್ಯಾಗ ನಿಂತೈತಿ. ಹಿಂದೂ ನಿಂತೈತಿ. ಎಲ್ಲಾ ಕೋಡು ಮುರಕ." ಮುಂದಿನ ಟ್ರಾಲಿಯವನನ್ನು ಕೇಳಿದರೆ ಅವನು ಹೇಳಿದನಂತೆ: "ಸವದತ್ತ್ಯಾಗ ಹಚ್ಚಿಸಿದ್ನಿ. ಅಂಗಡ್ಯಾಂವನ ಸ್ವಂತ ಡಿಸೈನ್ ಅಂತ. ಡಿಸೈನಿಗೇ ಬ್ಯಾರೆ ರೊಕ್ಕ."

ನನ್ನ ಕಣ್ಣು ಕೆಂಪಾದವು. ಬಡಿಗೆ ಹುಡುಕುತ್ತಿದ್ದೆ. ಮಾವ ಬಂದು, "ಬಡಿಗಿ ಬ್ಯಾಡ, ಸಾಕ್ಷಿ ಒಯ್ಯೂಣು," ಅಂದ. ಖಾಲಿ ಟ್ರಾಲಿಯೊಳಗೆ ಎತ್ತನ್ನೇ ಹತ್ತಿಸಿದ. ಒಳಗೆ ಎತ್ತು, ಹಿಂದಿನ ಬಾಗಿಲ ಮೇಲೆ ಅದೇ ಎತ್ತಿನ ಚಿತ್ರ, ದಾರಿಯ ಮಂದಿಯೆಲ್ಲ ನಿಂತು ನೋಡಿದರು. ಸವದತ್ತಿಯ ಅಂಗಡಿ ಮುಂದೆ ಎತ್ತು ಇಳಿಸುವಷ್ಟರಲ್ಲಿ ಸಂತೆಯಷ್ಟು ಜನ.

"ನೋಡಲೇ!" ಅಂತ ನಾನು ಕೂಗಿದೆ. "ನಿನ್ನ ಅಂಗಡಿ ಗಾಜಿನ ಮ್ಯಾಲಿನ ಎತ್ತು ನೋಡು, ನಮ್ಮ ಎತ್ತು ನೋಡು. ಎಡಗೋಡು ನೋಡು! ಯಾರ ಡಿಸೈನ್ ಇದು?"

ಅಂಗಡಿಯವನು ಹೊರಗೆ ಬಂದ. ಎತ್ತನ್ನು ನೋಡಿದ, ಚಿತ್ರ ನೋಡಿದ, ಕೋಡು ಮುಟ್ಟಿ ನೋಡಿದ. ಆಮೇಲೆ ಜನರ ಕಡೆ ತಿರುಗಿ ಮರುಗಿದ: "ಏನ್ ಮಂದಿ ರೀ ಇವರು! ನನ್ನ ಡಿಸೈನಿಗೆ ಹೊಂದಬೇಕಂತ ಪಾಪ ಮೂಕ ಬಸವಣ್ಣನ ಕೋಡು ಮುರದಾರಲ್ರಿ!"

ಜನ ನನ್ನ ಕಡೆ ಕೆಕ್ಕರಿಸಿ ನೋಡಿದರು. ನಾನು ಮೆಲ್ಲಗೆ ಎತ್ತಿನ ಮರೆಗೆ ಸರಿದೆ.

ಅಷ್ಟರಲ್ಲಿ ಗುಂಪಿನಿಂದ ಒಬ್ಬ ಟ್ರಾಲಿಯವನು ಮುಂದೆ ಬಂದ. ತನ್ನ ಹೊಸ ಟ್ರಾಲಿಗೆ ಅವತ್ತು ಬೆಳಿಗ್ಗೆಯೇ ಇದೇ ಅಂಗಡಿಯಲ್ಲಿ ಆ ಎತ್ತು ಹಚ್ಚಿಸಿದ್ದ. "ನಿಂದ್ರು ನಿಂದ್ರು. ಕೋಡು ಮುರದದ್ದೇನ ಇದು? ನಾ ಚಿತ್ರ ಹಂಗ ಐತಿ ಅನ್ಕೊಂಡಿದ್ನಿ. ಹೊಸಾ ಟ್ರಾಲಿಗೆ ಮುರಕ ಕೋಡಿನ ಎತ್ತು ಹಚ್ಚತೀಯಾ? ಇಡು ರೊಕ್ಕ ವಾಪಸ್!"

ಅಂಗಡಿಯವನು ಒಂದು ಕ್ಷಣವೂ ತಡಮಾಡಲಿಲ್ಲ. "ನನಗೇನ್ ಕೇಳ್ತೀರಿ ಯಜಮಾನ್ರ? ಎತ್ತು ಅವರದು, ಡಿಸೈನೂ ಅವರದ! ನಾ ವಾಟ್ಸಾಪ್‌ನ್ಯಾಗ ಫ್ರೀ ತಗೊಂಡೇನಿ!"

ಸಂತೆಯಷ್ಟು ಜನರ ಮುಂದೆ ಒಪ್ಪಿಕೊಂಡ. ನಾನು ಮೀಸೆಗೆ ಕೈ ಹಾಕಿದೆ. ಕೈ ಮೀಸೆ ಮುಟ್ಟುವುದರೊಳಗೆ ಆ ಟ್ರಾಲಿಯವನು ನನ್ನ ಅಂಗಿ ಹಿಡಿದ. "ಹಂಗಾರ ನೀನ ಕೊಡು ರೊಕ್ಕ!"

ಮಾವ ಎತ್ತಿನ ಹಗ್ಗ ಬಿಗಿದುಕೊಂಡು ಹೇಳಿದ: "ಹೆಸರು ಬೇಕು ಹೆಸರು ಬೇಕು ಅಂತಿದ್ಯಲ್ಲ ಅಳಿಯಾ, ತಗೋ."

ಆದರೆ ನಾನೇನು ಸಾಮಾನ್ಯನೇ? ಮನೆಗೆ ಹೋಗಿ ಕೋಡಿನ ಒಂದು ತುದಿ ಕೊಯ್ದು ತಂದು ಅಂಗಿ ಹಿಡಿದವನ ಟ್ರಾಲಿಗೆ ಹಚ್ಚಿಕೊಟ್ಟೆ. ಹೆಬ್ಬೆರಳಿನಷ್ಟು ರೇಡಿಯಂ, ಎತ್ತು ಪೂರ್ತಿಯಾಯಿತು. ಸುದ್ದಿ ಹಬ್ಬಿತು. ಈಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಾ ಕಡೆಯಿಂದ ಮುರುಕು ಕೋಡಿನ ಟ್ರಾಲಿಗಳು ಕಟಕೋಳಕ್ಕೆ ಬಂದು ನಮ್ಮ ಮನೆ ಮುಂದೆ ಸಾಲು ನಿಲ್ಲುತ್ತವೆ. ಎತ್ತು ಎಲ್ಲಿ ಬೇಕಾದರೂ ಫ್ರೀ ಸಿಗುತ್ತದೆ. ತುದಿಯ ಫೈಲು ಇರುವುದು ನನ್ನೊಬ್ಬನ ಹತ್ತಿರವೇ, ಅದಕ್ಕೆ ರೊಕ್ಕ. ಮಾವನ ಟ್ರಾಲಿಯೊಂದೇ ಮುರುಕು ಕೋಡಿನಲ್ಲಿ ಓಡಾಡುತ್ತದೆ, ಅಸಲಿ ಅದು.

ಮೊನ್ನೆ ಆ ಸವದತ್ತಿಯವನೇ ಫೋನು ಮಾಡಿದ, ದನಿಯಲ್ಲಿ ಬೆಣ್ಣೆ. "ಅಣ್ಣಾರ, ಆ ತುದೀದು ಒಂದು ಫೈಲ್ ಕಳಸ್ರಲಾ. ಫ್ರೀ."

"ಅದಕ್ಕೇನ್ರಿ, ಕಳಸ್ತೇನಿ. ಮೊದ್ಲ ನಿಮ್ಮ ಇಮೇಲ್ ಕೊಡ್ರಿ," ಅಂದೆ.

ಕೊಟ್ಟ. ಹತ್ತು ಸಾವಿರ ಪಾತರಗಿತ್ತಿ ಕಳಿಸಿದೆ.