ನಾನು ಆರಿಸಿದ ಅಧ್ಯಕ್ಷರು

ಇತಿಹಾಸ ಬರೆಯುವವರು ಗುಮಾಸ್ತರನ್ನು ಮಾತಾಡಿಸುವುದಿಲ್ಲ. ಅದು ಗುಮಾಸ್ತರ ಪುಣ್ಯ. ನಮ್ಮೂರ ಟೌನ್ ಕಮಿಟಿಯ ಅಧ್ಯಕ್ಷಗಿರಿಯ ಚರಿತ್ರೆಯನ್ನು ಯಾರಾದರೂ ಬರೆದರೆ ‘ಮೊದಲ ಚುನಾಯಿತ ಅಧ್ಯಕ್ಷರು ಶರಣಪ್ಪ ಮಾಸ್ತರು, ಚೀಟಿ ಎತ್ತಿ ಆಯ್ಕೆ’ ಎಂದು ಒಂದು ಸಾಲು ಗೀಚಿ ಮುಂದಕ್ಕೆ ಹೋಗುತ್ತಾರೆ. ಆ ಸಾಲಿನೊಳಗೆ ನಾನು ಅಡಗಿ ಕೂತಿದ್ದೇನೆ. ಊರು ಲಿಂಗಸುಗೂರಿಗೂ ಮಸ್ಕಿಗೂ ನಡುವೆ ಎಲ್ಲೋ ಇದೆ ಎಂದಿಟ್ಟುಕೊಳ್ಳಿ. ಹೆಸರು ಹೇಳಲು ಈ ವಯಸ್ಸಿನಲ್ಲೂ ನನಗೆ ಧೈರ್ಯವಿಲ್ಲ.

ನಿಜಾಮರ ಕಾಲದಲ್ಲಿ ಅಧ್ಯಕ್ಷರನ್ನು ಮೇಲಿನವರು ಕೂರಿಸುತ್ತಿದ್ದರು, ಊರಿನವರು ಎದ್ದು ನಿಲ್ಲುತ್ತಿದ್ದರು. ಆ ಆಳ್ವಿಕೆ ಮುಗಿದ ಕೆಲವು ವರ್ಷಕ್ಕೆ ನಮಗೂ ಚುನಾವಣೆ ಬಂತು. ನಾನು ಕಮಿಟಿಯ ಒಬ್ಬನೇ ಗುಮಾಸ್ತ. ಉರ್ದು ಕಡತಗಳ ರಾಶಿಯಲ್ಲಿ ಕನ್ನಡವನ್ನೂ ಬರೆಯಬಲ್ಲವನೆಂದು ಸಿಕ್ಕ ನೌಕರಿ ಅದು. ಆ ಕನ್ನಡ ಕಲಿಸಿದವರು ಮಾಸ್ತರು. ಹಗಲು ಶಾಲೆಯಲ್ಲಿ ಉರ್ದು ಪಾಠ ಹೇಳಿ, ಸಂಜೆ ತಮ್ಮ ಮನೆಯ ಪಡಸಾಲೆಯಲ್ಲಿ ನಮ್ಮಿಂದ ಕನ್ನಡ ಅಕ್ಷರ ತಿದ್ದಿಸುತ್ತಿದ್ದರು. ಅಧ್ಯಕ್ಷಗಿರಿಗೆ ಅವರು ನಿಂತದ್ದು ಮಂದಿಯ ಒತ್ತಾಯಕ್ಕೆ. ಎದುರಿಗೆ ನಿಂತವರು ಅರಳೆ ವ್ಯಾಪಾರದ ಬಸಣ್ಣ ಸಾಹುಕಾರರು.

ಒಂಬತ್ತು ಮೆಂಬರರಲ್ಲಿ ಒಬ್ಬರು ಎತ್ತು ನೋಡಲೆಂದು ಗುರುಗುಂಟಾಕ್ಕೆ ಹೋಗಿ ಅಲ್ಲೇ ಉಳಿದುಬಿಟ್ಟರು. ಓಟು ನಾಲ್ಕು-ನಾಲ್ಕಾಯಿತು. ಮೇಲಿನಿಂದ ಬಂದಿದ್ದ ಅಧಿಕಾರಿ ಚೀಟಿ ಎತ್ತೋಣ ಎಂದರು. ಮಾಸ್ತರು ಕೈಮುಗಿದು, “ಛಲೋ ಆತ್ರೀ. ಶಿವ ಹೂಂ ಅಂದ್ರ ಮಾಡ್ತೀನಿ, ಬ್ಯಾಡ ಅಂದ್ರ ಮನಿಗೆ ಹೋಗ್ತೀನಿ” ಎಂದರು.

ಶಿವನಿಗೆ ನಾನು ಅವಕಾಶವನ್ನೇ ಕೊಡಲಿಲ್ಲ. ಎರಡೂ ಚೀಟಿಯ ಮೇಲೆ ಮಾಸ್ತರ ಹೆಸರನ್ನೇ ಬರೆದೆ. ಅದೂ ದುಂಡಗೆ, ಅವರು ಕಲಿಸಿದ ಹಾಗೆಯೇ. ಹಿರಿಯ ಮೆಂಬರರು ತಂಬಿಗೆಗೆ ಕೈ ಹಾಕಿ ಒಂದನ್ನು ಎತ್ತಿದರು. ಚಪ್ಪಾಳೆಯಾಯಿತು. ಅಷ್ಟರಲ್ಲಿ ಸಾಹುಕಾರರು, “ಇನ್ನೊಂದು ಚೀಟ್ಯಾಗ ನನ್ನ ಹೆಸರು ಹೆಂಗ ಬರ್ದೀ ತೋರ್ಸೋ ತಮ್ಮಾ” ಎಂದರು. ನಾನು ಬೆನ್ನು ತಿರುಗಿಸಿ ತಂಬಿಗೆ ಬಗ್ಗಿಸಿದವನೇ ಚೀಟಿಯನ್ನು ಬಾಯಿಗೆ ಹಾಕಿಕೊಂಡೆ. ಬಾಯಲ್ಲಿ ಮೊದಲೇ ಎಲೆ-ಅಡಿಕೆ ಇತ್ತು. “ಎಲ್ಲಿ ಬಿತ್ತೋ ಏನೋ ರೀ” ಎಂದು ತೊದಲಿದೆ. ಮಸಿಯ ರುಚಿ ಇಷ್ಟು ಕೆಟ್ಟದೆಂದು ಅದುವರೆಗೆ ತಿಳಿದಿರಲಿಲ್ಲ. ಸಾಹುಕಾರರು ನಕ್ಕು, ಮಾಸ್ತರಿಗೆ ಹಾರ ಹಾಕಿ ಹೋದರು. ಅವರು ಸಂಶಯಪಟ್ಟು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾಸ್ತರು ಮಾಡಿದ ಮೊದಲ ಕೆಲಸ ಮೋರಿ. ಬಜಾರಿನ ಕೊಳಚೆ ಹರಿದುಹೋಗಲು ನೇರವಾಗಿ ಗೆರೆ ಎಳೆಸಿದರು. ಗೆರೆ ಹೋಗಿ ಟೇಲರ್ ಇಮಾಮಸಾಬರ ಅಂಗಡಿಯ ಕಟ್ಟೆಗೆ ಬಡಿಯಿತು. ಮೂವತ್ತು ವರ್ಷ ಆ ಇಬ್ಬರೂ ಗೆಳೆಯರು ದಿನಾ ಸಂಜೆ ಚೌಕಾಬಾರ ಆಡಿದ್ದು ಅದೇ ಕಟ್ಟೆಯ ಮೇಲೆ. ಇಮಾಮಸಾಬರು ಹೇಳಿದ್ದು ಇಷ್ಟೇ: “ಶರಣಪ್ಪಾ, ಮೋರಿ ನಾಕು ಮೊಳ ಆಕಡೆ ಸರದ್ರ ಸರಕಾರ ಮುಳಗ್ತೈತೇನು?” ಮಾಸ್ತರು ತಲೆ ತಗ್ಗಿಸಿಕೊಂಡೇ, “ನಿನಗ ಸರಿಸಿದ್ರ ಎಲ್ಲಾರಿಗೂ ಸರಿಸಬೇಕಾಗ್ತದೋ” ಎಂದರು. ಕಟ್ಟೆ ಒಡೆಯಿತು. ಸಿಂಧನೂರಿನ ಕಡೆ ಕಾಲುವೆ ಕೆಲಸಕ್ಕೆ ಮಂದಿ ಸೇರುತ್ತಿದ್ದ ದಿನಗಳವು. ಇಮಾಮಸಾಬರು ಹೊಲಿಗೆ ಮಷೀನನ್ನು ಬಂಡಿಗೆ ಏರಿಸಿಕೊಂಡು ಅಲ್ಲಿಗೆ ಹೋದರು. ಹೋಗುವಾಗ ಹೇಳಿಹೋಗಲಿಲ್ಲ.

ಅಂದಿನಿಂದ ಸಂಜೆಯಾದರೆ ಮಾಸ್ತರು ಎಲ್ಲಿ ಕೂರಬೇಕೆಂದು ತಿಳಿಯದೆ ಆಫೀಸಿನಲ್ಲೇ ಕೂರುತ್ತಿದ್ದರು. ಒಮ್ಮೆ ನಾನು ರುಜು ಹಾಕಿಸಲು ಮನೆಗೆ ಹೋದಾಗ ಅವರ ಹೆಂಡತಿ ಗೌರಮ್ಮ, “ಸಾಕ್ರೀ ಈ ಖುರ್ಚಿ! ರಾಜೀನಾಮಿ ಬರ್ದು ಒಗೀರಿ. ನಕ್ಕು ವರ್ಷಾತು ನೀವು” ಎನ್ನುತ್ತಿದ್ದರು. ಮಾಸ್ತರು, “ನಾ ಬೇಡಿ ಪಡದದ್ದಾ ಇದು? ಶಿವ ಕೊಟ್ಟಾನ. ಅವನ ಚೀಟಿ ನಾ ಹೆಂಗ ಹರೀಲಿ?” ಎಂದರು. ಅವನ ಚೀಟಿ ಅಗಿದು ನುಂಗಿದವನು ಅಲ್ಲೇ ಕಡತ ಹಿಡಿದು ನಿಂತಿದ್ದೆ. ಒಂದು ಮಾತು ಆಡಿದ್ದರೆ ಅವರು ಅಂದೇ ಸಿಂಧನೂರಿನ ಬಸ್ಸು ಹತ್ತುತ್ತಿದ್ದರು. ಆದರೆ ನನ್ನ ನೌಕರಿ ಹೋಗುತ್ತಿತ್ತು. “ರುಜು ಇಲ್ಲಿ ರೀ” ಎಂದೆ.

ಮೂರು ವರ್ಷದ ಅವಧಿ ಮುಗಿಯಿತು. ಐವತ್ತಾರರಲ್ಲಿ ನಮ್ಮ ಜಿಲ್ಲೆ ಹೈದರಾಬಾದು ಬಿಟ್ಟು ಕನ್ನಡ ರಾಜ್ಯಕ್ಕೆ ಸೇರಿತು. ಇಮಾಮಸಾಬರು ಸಿಂಧನೂರಿನಲ್ಲೇ ತೀರಿಕೊಂಡ ಸುದ್ದಿಯೂ ಅದೇ ವರ್ಷ ಬಂತು. ಇನ್ನು ತಡೆಯಲಾರದೆ ನಾನು ಮಾಸ್ತರ ಪಡಸಾಲೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಹೊಡೆಯಲಿ ಎಂದು ಕೆನ್ನೆಯನ್ನು ಸ್ವಲ್ಪ ಮುಂದೆಯೇ ಇಟ್ಟುಕೊಂಡಿದ್ದೆ.

ಅವರು ಹೊಡೆಯಲಿಲ್ಲ. “ಹಂಗಾರ ಶಿವ ನನ್ನ ಕರದೇ ಇದ್ದಿಲ್ಲ ಅನ್ನು. ಆ ಕಟ್ಟಿ ನಾನೇ ಒಡ್ಸೀನಿ” ಎಂದರು. ಆಮೇಲೆ ಮೆಲ್ಲಗೆ, “ನೀ ಇದನ್ನ ಹೇಳಬಾರದಾಗಿತ್ತೋ ತಮ್ಮಾ” ಎಂದರು.

ಆ ಮೂರು ವರ್ಷ ಅವರಿಗೆ ಒಂದು ಆಸರೆಯಾದರೂ ಇತ್ತು. ಅದನ್ನೂ ನಾನೇ ಕಿತ್ತುಕೊಂಡು ಎದ್ದು ಬಂದೆ. ಹೇಳಬೇಕಾದಾಗ ನೌಕರಿಯ ಭಯಕ್ಕೆ ಸುಮ್ಮನಿದ್ದೆ, ಸುಮ್ಮನಿರಬೇಕಾದಾಗ ಸತ್ಯವಂತನಾದೆ. ನಾಚಿಕೆಯ ಸಂಗತಿಯೆಂದರೆ, ಮನೆಗೆ ಬಂದಾಗ ನನ್ನ ಮನಸ್ಸು ಹತ್ತಿಯಷ್ಟು ಹಗುರಾಗಿತ್ತು. ಎರಡು ರೊಟ್ಟಿ ಹೆಚ್ಚಿಗೆ ತಿಂದೆ.