ಮಗ್ಗ ಬಂದ್ ಮಾಡಿಸಿದ ದೇವಪ್ಪ

ಇವತ್ತು ಓಣಿಯೊಳಗ ಒಂದು ಮಗ್ಗವೂ ಸದ್ದು ಮಾಡಬಾರದು ಅಂತ ಮನೆಮನೆಗೆ ಹೋಗಿ ಹೇಳಿ ಬಂದವನು ದೇವಪ್ಪನೇ. ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಗುವ ದಿನ. ಬೆಟಗೇರಿಯ ನೇಕಾರರೆಲ್ಲ ಗದಗಿನ ಮೆರವಣಿಗೆಗೆ ಹೋಗಬೇಕು, ಮುಂದಿನ ಬಾವುಟ ದೇವಪ್ಪ ಹಿಡಿಯಬೇಕು. ಪುಣ್ಯಾತ್ಮ ಹೊಸ ರುಮಾಲು ಸುತ್ತಿ, ಮೀಸೆಗೆ ಎಣ್ಣೆ ತೀಡಿ, ಕನ್ನಡಿ ಬಿಟ್ಟು ಕದಲಿರಲಿಲ್ಲ.

ಹೆಂಡತಿ ಸಾವಂತ್ರೆವ್ವ ಕುಂಭ ಹೊರುವ ಹೆಂಗಸರ ಜೊತೆ ಮುಂಚೆಯೇ ಹೊರಟಳು. "ಕೂಸಿಗೆ ಹಾಲ ಕುಡಿಸೇನಿ. ಮಲಗಿಸಿ, ನಮ್ಮವ್ವನ ಕಡಿ ಬಿಟ್ಟ ಬರ್ರಿ."

"ಕೂಸ ಮಲಗ್ಸೂದು ಏನ್ ದೊಡ್ಡ ಮಾತು? ನೀ ನಡಿ."

ಆಕೆ ಓಣಿ ದಾಟಿದ್ದೇ ತಡ, ಕೂಸು ಅಳಲು ಹತ್ತಿತು. ತೊಟ್ಟಿಲು ತೂಗಿದ, ಅತ್ತಿತು. ಹೆಗಲಿಗೆ ಹಾಕಿಕೊಂಡ, ಇನ್ನೂ ಜೋರಾಗಿ ಅತ್ತಿತು. ಅತ್ತೆ ಉಡಚವ್ವ ಗೋಡೆಗೆ ಒರಗಿ, "ಮಲಗಿದ ಕೂಸಾದ್ರ ಕಾಯ್ತೀನಪಾ. ಅಳೂ ಕೂಸ ಎತ್ಕೊಂಡ ತಿರಗಾಕ ನನ್ನ ಮೊಣಕಾಲು ಕೇಳಂಗಿಲ್ಲ," ಅಂದುಬಿಟ್ಟಳು.

ಮಗ್ಗ ನಿಂತ ಓಣಿಯಲ್ಲಿ ಯಾರಿಗೂ ಕೆಲಸವಿರಲಿಲ್ಲ. ಕೂಸಿನ ದನಿ ಎಲ್ಲರ ಕಿವಿಗೂ ಬಿತ್ತು. ಪಕ್ಕದ ಮನೆ ಕರೆವ್ವ ಬಂದಳು. "ಹೊಟ್ಟಿನೋವು ಐತಿ. ಬಜಿ ಬೇರು ತೇದು ನೆಕ್ಕಸ್ರಿ."

ಬೆನ್ನಿಗೇ ಎದುರುಮನೆ ಮೋತಿಬಿ, "ಹೊಟ್ಟಿ ಅಲ್ರಿ, ಕಿವಿ. ಬಟ್ಟಿ ಬಿಸಿ ಮಾಡಿ ಕಾವು ಕೊಡ್ರಿ," ಅಂದಳು. ಬಜಿಯೂ ಆಯಿತು, ಕಾವೂ ಆಯಿತು, ಅಳು ಮಾತ್ರ ನಿಲ್ಲಲಿಲ್ಲ.

ಓಣಿಯ ಹಿರಿಯ ನಿಜಲಿಂಗಪ್ಪ ಬಡಿಗೆ ಊರಿಕೊಂಡು ಬಂದರು. "ಎತ್ತಿ ಎತ್ತಿ ಕೆಡಿಸಿಯೋ ತಮ್ಮಾ. ಕೆಳಗ ಹಾಕು, ತಾನ ಸುಮ್ಮನಾಕ್ಕತಿ."

ಕೆಳಗೆ ಹಾಕಿದ. "ಅಯ್ಯ, ಎಂಥಾ ಕಲ್ಲೆದಿ!" ಅಂತ ಹೆಂಗಸರು ಬೈದರು. ಎತ್ತಿಕೊಂಡ. ಕೂಸು ಹೊಸ ರುಮಾಲಿನ ಸೆರಗು ತೋಯಿಸಿತು.

ಕಡೆಗೆ ಕರೆವ್ವ ದೃಷ್ಟಿ ಅಂತ ತೀರ್ಮಾನಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಎಂಥಾ ಘಾಟು ಅಂತೀರಿ! ಎಲ್ಲರೂ ಕೆಮ್ಮುತ್ತ ಅಂಗಳಕ್ಕೆ ಬಿದ್ದೆವೋ ಎದ್ದೆವೋ ಅಂತ ಓಡಿದರು.

"ಘಾಟ ಬಂತಲ್ಲ... ಅಂದ್ರ ದೃಷ್ಟಿ ಆಗಿಲ್ಲ," ಅಂದಳು ಮೋತಿಬಿ ಕೆಮ್ಮುತ್ತಲೇ.

ದೇವಪ್ಪ ಕೂಸನ್ನು ಅವಚಿಕೊಂಡು ಮಗ್ಗದ ಕೋಣೆ ಹೊಕ್ಕು ಕದ ಹಾಕಿಕೊಂಡ. ದೂರದಲ್ಲಿ ಮೆರವಣಿಗೆಯ ಹಲಗೆ ಬಡಿತ ಶುರುವಾಗಿತ್ತು. ಬಾವುಟ ಬೇರೆಯವರ ಪಾಲಾಗುತ್ತದೆ ಅಂತ ಅವನಿಗೂ ಖರೇನ ಅಳು ಬಂತು. ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಸಿದ. ಸಿಟ್ಟಿಗೆ ಕಾಲಕೆಳಗಿನ ಮೆಟ್ಟು ಒದ್ದು, ಲಾಳಿ ಎಸೆದ. ಖಟ್, ಪಟ್. ಖಟ್, ಪಟ್.

ಕೂಸು ಗಪ್ಪಾಯಿತು. ಬೆರಳು ಚೀಪುತ್ತ ಕಣ್ಣು ಮುಚ್ಚಿತು.

ಹುಟ್ಟಿದಾಗಿನಿಂದ ಅದರ ತೊಟ್ಟಿಲು ಮಗ್ಗದ ಮಗ್ಗುಲಲ್ಲೇ ತೂಗಿತ್ತು. ಮಗ್ಗದ ಸದ್ದೇ ಅದಕ್ಕೆ ಜೋಗುಳ. ಇಡೀ ಓಣಿಯ ಜೋಗುಳ ನಿಲ್ಲಿಸಿದವನು ಅಪ್ಪನೇ!

ಕದ ತೆರೆದು ಎಲ್ಲರೂ ಇಣುಕಿದರು. "ಬಜಿ ಹತ್ತಿತು ನೋಡ್ರಿ," ಅಂದಳು ಕರೆವ್ವ. "ಕಾವು," ಅಂದಳು ಮೋತಿಬಿ. ಹಲಗೆ ಸದ್ದು ಹತ್ತಿರವಾಯಿತು. ನಿಜಲಿಂಗಪ್ಪನೊಬ್ಬರನ್ನು ಬಿಟ್ಟು ಎಲ್ಲರೂ ಹೊರಟೇಬಿಟ್ಟರು.

ದೇವಪ್ಪ ಮೆಲ್ಲಗೆ ಎದ್ದ. ಕೂಸು ಬಾಯಿ ತೆರೆಯಿತು. ಕೂತು ಲಾಳಿ ಎಸೆದ. ಮುಚ್ಚಿತು. ಮತ್ತೆ ಎದ್ದ. ಮತ್ತೆ ತೆರೆಯಿತು.

"ತಮ್ಮಾ," ನಿಜಲಿಂಗಪ್ಪ ಬಾಗಿಲಲ್ಲೇ ನಿಂತು ಅಂದರು, "ನಡಸು, ನಡಸು. ಬಾವುಟ ನಾ ಹಿಡೀತೀನಿ."

ಮಧ್ಯಾಹ್ನ ಸಾವಂತ್ರೆವ್ವ ಕುಂಕುಮ ಹಚ್ಚಿಕೊಂಡು, ನಗುನಗುತ್ತ ಬಂದಳು. ಇಡೀ ಬೆಟಗೇರಿಯಲ್ಲಿ ಒಂದೇ ಒಂದು ಮಗ್ಗ ನಡೆದಿತ್ತು. ಒಳಗೆ ಇಣುಕಿ ಸೊಂಟದ ಮೇಲೆ ಕೈಯಿಟ್ಟಳು.

"ಬಂದ್ ಅಂತ ಓಣಿಗೆಲ್ಲಾ ಸಾರಿ, ತಾವು ಮಾತ್ರ ಗುಟ್ಟಾಗಿ ಸೀರಿ ನೇಯ್ತೀರೇನ್ರಿ? ಇಡೀ ಕರ್ನಾಟಕ ಒಂದಾತು, ನೀವೊಬ್ರ ಹೊರಗ ಉಳದ್ರಿ!"

ದೇವಪ್ಪ ಉತ್ತರ ಕೊಡಲು ಲಾಳಿ ನಿಲ್ಲಿಸಿದ. ಕೂಸು ಬಾಯಿ ತೆರೆಯಿತು.