ದೊಡ್ಡವ್ವನ ಎಡೆ, ಟಿಟ್ಟಿಭದ ಮೊಟ್ಟೆ

ಸವಣೂರಿನಲ್ಲಿ ಜೀವಕಳೆ ತುಂಬಿದ ಜಾಗ ಯಾವುದೆಂದು ಯಾರಾದರೂ ಕೇಳಿದರೆ, ಸಂತೆ, ಬಸ್ ನಿಲ್ದಾಣ ಎಲ್ಲ ಬಿಟ್ಟು ನಾನು ರುದ್ರಭೂಮಿಯ ಹೆಸರು ಹೇಳುತ್ತೇನೆ. ಶಿಗ್ಗಾಂವದ ಕಾಲೇಜಿನಲ್ಲಿ ಗುಮಾಸ್ತನಾದ ನಾನು ಸಂಜೆ ಬಸ್ಸಿಳಿದು ಮನೆಗೆ ಬರುವ ಅಡ್ಡದಾರಿ ಅದರೊಳಗೇ ಹಾದುಹೋಗುತ್ತದೆ. ಅಲ್ಲಿ ಮುಂಗುಸಿಯೊಂದು ಸಂಸಾರಸಮೇತ ನೆಲೆಸಿದೆ. ಊರಿನ ಹಿರಿಯರೊಬ್ಬರ ಗೋರಿಯ ಮೇಲೆ ಓತಿಕ್ಯಾತ ಕುಳಿತು, ಬದುಕಿದ್ದಾಗ ಅವರು ಮಾಡುತ್ತಿದ್ದಂತೆಯೇ ಎಲ್ಲದಕ್ಕೂ ತಲೆಯಾಡಿಸುತ್ತದೆ. ಇದನ್ನೆಲ್ಲ ನೋಡುತ್ತ ನಿಲ್ಲುವುದು ನನಗೊಂದು ಹುಚ್ಚು. ಆ ಹುಚ್ಚಿಗೆ ಹೆಂಡತಿ ಗಿರಿಜೆ ವಿಧಿಸಿದ ಶಿಕ್ಷೆ ಸ್ನಾನ. ಮಸಣದಿಂದ ಬಂದವನು ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಕಾಲಿಡುವಂತಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ನನ್ನ ಸ್ನಾನ ಕಂಡ ಪಕ್ಕದ ಮನೆಯವರು "ಯಾರು ತೀರಿಕೊಂಡ್ರರಿ?" ಎಂದು ಗಾಬರಿಯಿಂದ ಬಂದು ಚಹಾ ಕುಡಿದು ಹೋದದ್ದೂ ಉಂಟು.

ಈ ಬೇಸಿಗೆಯಲ್ಲಿ ಅಲ್ಲಿ ಜೋಡಿ ಟಿಟ್ಟಿಭ ಹಕ್ಕಿಗಳು ಬರಿನೆಲದ ಮೇಲೆ, ಕಲ್ಲುಗಳ ನಡುವೆ, ಕಲ್ಲಿನಂತೆಯೇ ಕಾಣುವ ಮೊಟ್ಟೆ ಇಟ್ಟವು. ಮರಿ ಹೊರಬರುವುದನ್ನು ನೋಡಲೇಬೇಕೆಂದು ಜೀವ ಹಿಡಿದುಕೊಂಡು ಕಾಯುತ್ತಿದ್ದೆ. ವಿಷಯ ಗೊತ್ತಿದ್ದದ್ದು ನನಗೆ ಮತ್ತು ದಿನವೂ ನನ್ನ ವರದಿ ಕೇಳಿಯೂ ಕೇಳದಂತೆ ರೊಟ್ಟಿ ಬಡಿಯುವ ಗಿರಿಜೆಗೆ ಮಾತ್ರ. ಅಷ್ಟರಲ್ಲಿ ದೊಡ್ಡವ್ವ ತೀರಿಕೊಂಡಳು. ನನ್ನನ್ನು ಎತ್ತಿ ಆಡಿಸಿದವಳು; ನಾನು ತುಂಬ ಅತ್ತುಬಿಟ್ಟೆ. ಅವಳನ್ನು ಮಣ್ಣು ಮಾಡಿದ್ದು ಆ ಮೊಟ್ಟೆಗಳಿಂದ ಸ್ವಲ್ಪವೇ ದೂರದಲ್ಲಿ.

ಮೂರನೇ ದಿನ ಅವಳಿಗೆ ಪ್ರಿಯವಾದ ಸಜ್ಜಕ, ಬದನೆಕಾಯಿ ಎಣ್ಣೆಗಾಯಿ, ಕುರುಕಲು ಖಾರಾ, ಎಲೆ ಅಡಿಕೆ ಗೋರಿಯ ಮುಂದೆ ಎಡೆಯಿಟ್ಟು ಸರಿದು ನಿಂತೆವು. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದರ್ಥ. ಕಾಗೆ ಬಂತು. ಮೊಟ್ಟೆಗಳ್ಳ ಬಂದನೆಂದು ಟಿಟ್ಟಿಭಗಳು ಕಿರುಚುತ್ತ ಎರಗಿ ಓಡಿಸಿದವು. ಮತ್ತೆ ಬಂತು, ಮತ್ತೆ ಓಡಿಸಿದವು.

"ಅವ್ವಗ ಏನೋ ಕೊರಗೈತಿ" ಎಂದು ದೊಡ್ಡವ್ವನ ಮಗ ಶೇಖಣ್ಣ ಕೈಮುಗಿದ. "ಅವ್ವಾ, ತಂಗಿ ಜೋಡಿ ಇನ್ನ ಜಗಳಾ ಆಡೂದಿಲ್ಲ, ಉಣ್ಣವಾ." ಕಾಗೆ ಇಳಿಯಲಿಲ್ಲ. "ತಂಬಾಕ ಬಿಡ್ತೇನಿ." ಅದಕ್ಕೂ ಇಲ್ಲ. ಕೊನೆಗೆ ಸಿಟ್ಟು ಹಕ್ಕಿಗಳ ಮೇಲೆ ತಿರುಗಿತು. "ಈ ಅಪಶಕುನದವು ಎಲ್ಲಿ ಗೂಡು ಮಾಡ್ಯಾವ ನೋಡ್ರಿ, ಕಿತ್ತು ಒಗಿಯೂಣು" ಎಂದು ಕಲ್ಲೆತ್ತಿಕೊಂಡ.

ನಾನು ಬಾಯಿ ಬಿಟ್ಟರೆ ಮೊಟ್ಟೆ ಹೋದವು. ಬಿಡದಿದ್ದರೆ ದೊಡ್ಡವ್ವ ಉಪವಾಸ. ಆಗ ಗಿರಿಜೆ ಎಂದಳು: "ದೊಡ್ಡತ್ತಿಯವರಿಗೆ ಇವರದ ಚಿಂತಿ ಇತ್ತರಿ. ಸುಡಗಾಡಾಗ ಅಡ್ಡಾಡ್ತಾನ, ಹುಡುಗಗ ಏನಾಗೇತಿ ಅಂತ ಕೊರಗತಿದ್ರು." ಎಲ್ಲರೂ ನನ್ನತ್ತ ತಿರುಗಿದರು. ಶೇಖಣ್ಣನ ಕೈ ತಡೆಯಿತು. ನಾನು ಆ ಕಲ್ಲಿಗೂ ಮೊಟ್ಟೆಗಳಿಗೂ ನಡುವೆ ಹೋಗಿ ನಿಂತು ಕೈಮುಗಿದೆ. "ದೊಡ್ಡವ್ವಾ, ನಿನ್ನಾಣಿ, ಹಕ್ಕಿ ನೋಡಾಕ ಇನ್ನ ಇಲ್ಲಿ ಕಾಲಿಡೂದಿಲ್ಲ." ಮೊಟ್ಟೆಗಳಿಗೆ ಅಷ್ಟು ಹತ್ತಿರ ಹೋದದ್ದೇ ತಡ, ಟಿಟ್ಟಿಭಗಳೆರಡೂ ಕಾಗೆಯನ್ನು ಬಿಟ್ಟು ನನ್ನ ಬೋಳುತಲೆಗೆ ಎರಗಿದವು. ಅದೇ ಸಮಯ ಸಾಧಿಸಿ ಕಾಗೆ ಇಳಿದು ಎಣ್ಣೆಗಾಯಿಗೆ ಬಾಯಿ ಹಾಕಿತು.

"ಅವ್ವನ ಆಸೆ ಅದ ಇತ್ತು ನೋಡ್ರಿ!" ಎಂದು ಶೇಖಣ್ಣ ಕಲ್ಲು ಬಿಸಾಕಿ ಅತ್ತುಬಿಟ್ಟ. ತಂಬಾಕು ಬಿಡುವ ಮಾತು ಅಲ್ಲಿಗೇ ರದ್ದಾಯಿತು.

ಅಂದಿನಿಂದ ನಾನು ಸುತ್ತುದಾರಿಯಲ್ಲಿ ಮನೆಗೆ ಬರುತ್ತೇನೆ, ಸಂಜೆಯ ಸ್ನಾನವಿಲ್ಲ. ಮೊನ್ನೆ ಬಂದಾಗ ಗಿರಿಜೆ ಹಿತ್ತಲಲ್ಲಿ ಒದ್ದೆ ಕೂದಲು ಒರೆಸಿಕೊಳ್ಳುತ್ತ ನಿಂತಿದ್ದಳು.

"ಯಾರು ತೀರಿಕೊಂಡ್ರು?" ಎಂದೆ ಗಾಬರಿಯಿಂದ.

"ಯಾರೂ ಇಲ್ಲರಿ. ಮರಿ ಹೊಂಟಾವ. ಕಡ್ಡಿಕಾಲಾಗ ಏನ ಓಡ್ತಾವ ಅಂತೀರಿ!"

"ನೀ ಹೋಗಿದ್ದೇನ? ದೊಡ್ಡವ್ವನ ಆಣಿ ಏನಾತು?"

"ಆಣಿ ಮಾಡಿದವರು ನೀವರಿ. ನಾನಲ್ಲ."